ಮನೆಯ ಕೈಗೆಲಸ: ಮರ ಕಡೆಯುವ ಯಂತ್ರವನ್ನು ಹೂಡುವ ಕ್ರಮ

ನಮ್ಮ ಮನೆಗಳಲ್ಲಿ ಕಡೆದ ಮರದ ಸಾಮಾನುಗಳು ಎಷ್ಟಿರುವುವೆಂದು ಎಣಿಸಿ ನೋಡಿದವರು ವಿರಳ. ಹಿರಿಯರ ಕಾಲದ ಮಂಚದ ಕಾಲು, ತೊಟ್ಟಿಲಿನ ಗುಂಡುಗಂಬಿ, ಮಕ್ಕಳ ಬುಗುರಿ, ಅಡಿಗೆಯ ಮನೆಯ ಲಟ್ಟಣಿಗೆ, ದೇವರ ಮನೆಯ ಕುಂಕುಮದ ಭರಣಿ—ಇವೆಲ್ಲವೂ ಒಂದೇ ಕಸುಬಿನಿಂದ ಹುಟ್ಟಿದುವು. ಮೊಸರನ್ನು ಕಡೆಯುವುದಕ್ಕೂ ಮರವನ್ನು ಕಡೆಯುವುದಕ್ಕೂ ನಮ್ಮ ನುಡಿಯಲ್ಲಿ ಒಂದೇ ಮಾತು ಸಲ್ಲುವುದು. ಇದು ಸಹಜವೇ, ಹಗ್ಗವನ್ನು ಸುತ್ತಿ ಅತ್ತಿತ್ತ ಎಳೆದು ತಿರುಗಿಸುವ ಉಪಾಯವು ಎರಡು ಕೆಲಸಗಳಲ್ಲಿಯೂ ಒಂದೇ ಆಗಿತ್ತು.

ನಮ್ಮ ದೇಶದ ಹಳೆಯ ಬಿಲ್ಲಿನ ಯಂತ್ರದಲ್ಲಿ ಕೆಲಸಗಾರನು ನೆಲದ ಮೇಲೆ ಕುಳಿತು, ಒಂದು ಕೈಯಿಂದ ಬಿಲ್ಲನ್ನು ಎಳೆದು ಮರವನ್ನು ತಿರುಗಿಸುತ್ತ, ಮತ್ತೊಂದು ಕೈಯಿಂದ ಉಳಿಯನ್ನು ಹಿಡಿದು, ಕಾಲ್ಬೆರಳಿನಿಂದ ಅದಕ್ಕೆ ಆಸರೆ ಕೊಡುತ್ತಿದ್ದನು. ಉಳಿಯು ಮರದಲ್ಲಿ ಕಚ್ಚಿಕೊಂಡರೆ ಬಿಲ್ಲಿನ ಕೈಗೆ ಆ ಕ್ಷಣವೇ ತಿಳಿಯುತ್ತಿತ್ತು. ಕೈ ನಿಂತಿತೆಂದರೆ ಮರವೂ ನಿಂತಿತು. ಇಂದಿನ ವಿದ್ಯುತ್ತಿನ ಮೋಟಾರಿಗೆ ಈ ಅರಿವು ಇಲ್ಲ. ಉಳಿ ಕಚ್ಚಿದರೂ, ಮರ ಸೀಳಿದರೂ, ಸೆರಗು ಸಿಕ್ಕಿದರೂ ಅದು ತನ್ನ ಪಾಡಿಗೆ ತಿರುಗುತ್ತಲೇ ಇರುವುದು. ಆದಕಾರಣ ಹಿಂದಿನವರ ಕೈಗೆ ಕೆಲಸದ ನಡುವೆ ತಿಳಿಯುತ್ತಿದ್ದ ಸಂಗತಿಗಳನ್ನು ನಾವು ಕೆಲಸಕ್ಕೆ ಮೊದಲೇ ತಿಳಿದಿರಬೇಕು. ಈ ತಿಂಗಳ ಲೇಖನದ ತಾತ್ಪರ್ಯವೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿರುವುದು.

ಮೇಜಿನ ಮೇಲೆ ಇಡಬಹುದಾದ ಸಣ್ಣ ಕಡಸಲು ಯಂತ್ರಗಳು ಈಗ ಸುಲಭವಾಗಿ ದೊರೆಯುವುವು. ವಿರಾಮದ ವೇಳೆಯನ್ನು ಸದ್ವಿನಿಯೋಗ ಮಾಡಬೇಕೆಂಬ ಗೃಹಸ್ಥರಿಗೆ ಇದಕ್ಕಿಂತ ಮನೋರಂಜಕವಾದ ಕೈಗೆಲಸ ಮತ್ತೊಂದಿಲ್ಲ. ಆದರೆ ಪೆಟ್ಟಿಗೆಯಿಂದ ತೆಗೆದ ದಿನವೇ ಗುಂಡಿಯನ್ನು ಒತ್ತಿ ಕೆಲಸಕ್ಕೆ ತೊಡಗುವುದು ಅವಿವೇಕ. ೨ ಅಂಗುಲ ಚೌಕದ, ೧೪ ಅಂಗುಲ ಉದ್ದದ ಮರದಿಂದ ಒಂದು ಲಟ್ಟಣಿಗೆಯನ್ನು ಕಡೆಯುವುದೇ ನಮ್ಮ ಮೊದಲ ಕೆಲಸವೆಂದು ಇಟ್ಟುಕೊಂಡು, ಅದಕ್ಕಾಗಿ ಯಂತ್ರವನ್ನು ಹೇಗೆ ಸಿದ್ಧಪಡಿಸಬೇಕೆಂಬುದನ್ನು ಕ್ರಮವಾಗಿ ಹೇಳುವೆವು.

ಯಂತ್ರದ ಅಂಗಗಳು.—ಯಂತ್ರದ ಉದ್ದಕ್ಕೂ ಇರುವ ಕಬ್ಬಿಣದ ದೂಲವು ಹಾಸು. ನಮ್ಮ ಎಡಗಡೆಗೆ ಹಾಸಿನ ಮೇಲೆ ಬಿಗಿದಿರುವ ಗೂಡಿಗೆ ಹೆಡ್‌ಸ್ಟಾಕ್ ಎಂದು ಹೆಸರು; ಮರವನ್ನು ತಿರುಗಿಸುವ ಕದಿರು ಇದರೊಳಗಿರುವುದು. ಕದಿರಿನ ತುದಿಗೆ ಹಲ್ಲುಗಳುಳ್ಳ ಮೊಳೆಯನ್ನು ಸಿಕ್ಕಿಸುವರು; ಆ ಹಲ್ಲುಗಳೇ ಮರವನ್ನು ಕಚ್ಚಿ ತಿರುಗಿಸುವುವು. ಬಲಗಡೆಯ ಗೂಡು ಟೇಲ್‌ಸ್ಟಾಕ್. ಹಾಸಿನ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯುವ ಇದರ ಮೊನೆಯು ಮರದ ಬಲತುದಿಯನ್ನು ಒತ್ತಿ ಹಿಡಿಯುವುದು. ಇವೆರಡರ ನಡುವೆ, ನಮಗೂ ಮರಕ್ಕೂ ಮಧ್ಯದಲ್ಲಿ, ಉಳಿಯನ್ನು ಊರಿ ಹಿಡಿಯುವುದಕ್ಕಾಗಿ ಒಂದು ಕಬ್ಬಿಣದ ಪಟ್ಟಿ ಇರುವುದು. ಇದನ್ನು ಆನಿಕೆ ಎನ್ನೋಣ. ಕಾರ್ಖಾನೆಗಳಲ್ಲಿ ಟೂಲ್ ರೆಸ್ಟ್ ಎನ್ನುವರು.

ಸ್ಥಳ ಮತ್ತು ಎತ್ತರ.—ಯಂತ್ರವು ಅಲುಗಾಡದ ನೆಲೆಯಲ್ಲಿ ನಿಲ್ಲಬೇಕು. ನಾಲ್ಕು ಕಾಲುಗಳಲ್ಲಿ ಒಂದು ನೆಲಕ್ಕೆ ಸರಿಯಾಗಿ ತಾಗದಿದ್ದರೂ ಮರವು ತಿರುಗುವಾಗ ನಡುಕ ಹುಟ್ಟುವುದು. ನಡುಕದಿಂದ ಬಿಗಿತಗಳು ಸಡಿಲುವುವು. ಮೇಜಿನ ಮೇಲಿಡುವ ಯಂತ್ರವನ್ನು ದಪ್ಪ ಹಲಗೆಗೆ ಬೋಲ್ಟಿನಿಂದ ಬಿಗಿದು, ಮೇಜಿನ ಕೆಳತಟ್ಟಿನಲ್ಲಿ ಮರಳಿನ ಚೀಲಗಳನ್ನು ಹೇರಿದರೆ ಭಾರವು ನಡುಕವನ್ನು ನುಂಗುವುದು. ಎತ್ತರದ ವಿಷಯದಲ್ಲಿ ಒಂದು ಸುಲಭವಾದ ಅಳತೆಯುಂಟು: ನೆಟ್ಟಗೆ ನಿಂತು ಕೈಯನ್ನು ಮಡಿಸಿದಾಗ ಮೊಣಕೈ ಎಷ್ಟು ಎತ್ತರದಲ್ಲಿರುವುದೋ, ಕದಿರಿನ ನಡುವೂ ಅಷ್ಟೇ ಎತ್ತರದಲ್ಲಿರಬೇಕು. ತಗ್ಗಾದರೆ ಬೆನ್ನು ಬಾಗಿ ಮುಖವು ಮರದ ಸಮೀಪಕ್ಕೆ ಬರುವುದು. ಎತ್ತರವಾದರೆ ಭುಜಗಳು ಸೋತು ಉಳಿಯ ಮೇಲಿನ ಹಿಡಿತ ತಪ್ಪುವುದು.

ವಿದ್ಯುತ್ತು ಮತ್ತು ಬೆಳಕು.—ಮೋಟಾರಿಗೆ ಭೂಸಂಪರ್ಕವುಳ್ಳ ಮೂರು ಕಾಲಿನ ಪ್ಲಗ್ಗೇ ಇರತಕ್ಕದ್ದು. ಸೋರುವ ವಿದ್ಯುತ್ತನ್ನು ತಾನೇ ಅರಿತು ಪ್ರವಾಹವನ್ನು ಕಡಿಯುವ ಸ್ವಿಚ್ಚನ್ನು ಮನೆಯ ವಿದ್ಯುತ್ತಿನ ಹಲಗೆಯಲ್ಲಿ ಕೂರಿಸಿದ್ದರೆ ಮತ್ತೂ ಲೇಸು. ಯಂತ್ರವನ್ನು ನಿಲ್ಲಿಸುವ ಗುಂಡಿಯು, ತಿರುಗುವ ಮರದ ಮೇಲೆ ಕೈ ಚಾಚದೆಯೇ ಎಟಕುವಂತಿರಬೇಕು. ಬೆಲ್ಟನ್ನು ಬದಲಾಯಿಸುವಾಗಲೂ, ಮರವನ್ನು ಸಿಕ್ಕಿಸುವಾಗಲೂ ಪ್ಲಗ್ಗನ್ನು ಕಿತ್ತಿಡುವ ರೂಢಿಯನ್ನು ಮೊದಲ ದಿನದಿಂದಲೇ ಹಾಕಿಕೊಳ್ಳಬೇಕು.

ಬೆಳಕಿನಲ್ಲಿಯೂ ಒಂದು ಮೋಸವುಂಟು. ಹಳೆಯ ಮಾದರಿಯ ಟ್ಯೂಬು ದೀಪಗಳು ನಮ್ಮ ವಿದ್ಯುತ್ತಿನಲ್ಲಿ ಸೆಕೆಂಡಿಗೆ ೧೦೦ ಬಾರಿ ಮಿನುಗುವುವು. ಕಣ್ಣಿಗೆ ಮಾತ್ರ ಇದು ತೋರದು. ಚೌಕವಾದ ಮರವು ಮಿನಿಟಿಗೆ ೧೫೦೦ ಸುತ್ತು, ಎಂದರೆ ಸೆಕೆಂಡಿಗೆ ೨೫ ಸುತ್ತು ತಿರುಗುತ್ತಿರುವುದೆಂದು ಭಾವಿಸೋಣ. ಒಂದು ಮಿನುಗಿನಿಂದ ಮತ್ತೊಂದು ಮಿನುಗಿನ ಹೊತ್ತಿಗೆ ಅದು ಸರಿಯಾಗಿ ಕಾಲು ಸುತ್ತು ಸುತ್ತಿರುವುದು. ಚೌಕವು ಕಾಲು ಸುತ್ತು ಸುತ್ತಿದರೆ ಮೊದಲಿನಂತೆಯೇ ಕಾಣುವುದಷ್ಟೆ. ಆದುದರಿಂದ ಭರದಿಂದ ತಿರುಗುವ ಮರವು ನಿಂತಿರುವಂತೆ ತೋರುವ ಸಂಭವವುಂಟು. ನಿಂತಿದೆಯೆಂದು ಬಗೆದು ಕೈಯಿಟ್ಟವರ ಪಾಡನ್ನು ಹೇಳಬೇಕಾದುದಿಲ್ಲ. ಕಿಟಕಿಯ ಹಗಲುಬೆಳಕು ಎಲ್ಲಕ್ಕಿಂತ ಶ್ರೇಷ್ಠ. ಅದಿಲ್ಲದಿದ್ದಲ್ಲಿ ಮಿನುಗದ ದೀಪವನ್ನು ಯಂತ್ರದ ಹತ್ತಿರ ಇರಿಸಿಕೊಳ್ಳತಕ್ಕದ್ದು.

ಎರಡು ಮೊನೆಗಳ ಹೊಂದಿಕೆ.—ಹಾಸಿನ ಮೇಲಣ ಹೊಟ್ಟನ್ನು ಚೆನ್ನಾಗಿ ಒರಸಿ, ಬಲಗಡೆಯ ಗೂಡನ್ನು ಎಡಗಡೆಯ ಸಮೀಪಕ್ಕೆ ಸರಿಸಿ, ಎರಡು ಮೊನೆಗಳೂ ತಾಗುವಷ್ಟರ ಮಟ್ಟಿಗೆ ತಂದು ನೋಡಬೇಕು. ಮೇಲಿನಿಂದ ನೋಡಿದರೂ ಪಕ್ಕದಿಂದ ನೋಡಿದರೂ ಮೊನೆಗೆ ಮೊನೆ ಎದುರಾಗಿ ನಿಲ್ಲಬೇಕು. ವಾರೆಯಾಗಿ ಕಂಡರೆ ಮೊದಲು ಗೂಡಿನ ಅಡಿಯಲ್ಲಿ ಮರದ ಚೂರು ಸಿಕ್ಕಿಕೊಂಡಿದೆಯೇ ಎಂದು ಪರೀಕ್ಷಿಸತಕ್ಕದ್ದು. ಬಹಳ ಸಾರಿ ದೋಷವು ಅಲ್ಲಿಯೇ ಇರುವುದು. ಆಮೇಲೂ ವಾರೆಯಿದ್ದರೆ, ಯಂತ್ರದ ರಚನೆಗೆ ತಕ್ಕಂತೆ ಎಡಗಡೆಯ ಗೂಡಿನ ಬೋಲ್ಟುಗಳನ್ನು ಸಡಿಲಿಸಿ ನೇರಪಡಿಸಬಹುದು, ಇಲ್ಲವೆ ತಗ್ಗಾದ ಗೂಡಿನ ಕೆಳಗೆ ತೆಳುವಾದ ಲೋಹದ ಹಾಳೆಯನ್ನು ಕೊಟ್ಟು ಎತ್ತರಿಸಬಹುದು. ಈ ಹೊಂದಿಕೆ ತಪ್ಪಿದರೆ ಮರದ ಬಲತುದಿಯು ಮೊನೆಯ ಮೇಲೆ ಸವೆದು ಸಡಿಲವಾಗುವುದು. ಸಡಿಲವಾದ ಮರವು ಎಲ್ಲಿಗೆ ಹಾರೀತೆಂದು ಹೇಳಬಲ್ಲವರಾರು?

ವೇಗವನ್ನು ಗೊತ್ತುಮಾಡುವುದು.—ಎಲ್ಲಕ್ಕಿಂತ ಹೆಚ್ಚಾಗಿ ಗಮನವಿಡಬೇಕಾದ ಭಾಗವಿದು. ಅನೇಕ ಯಂತ್ರಗಳಲ್ಲಿ ಮೋಟಾರಿಗೊಂದು, ಕದಿರಿಗೊಂದು ಮೆಟ್ಟಿಲು ಪುಲ್ಲಿಯಿದ್ದು, ನಡುವೆ ಬೆಲ್ಟು ಇರುವುದು. ಮೋಟಾರು ಮಿನಿಟಿಗೆ ೧೪೪೦ ಸುತ್ತು ತಿರುಗುವುದೆಂದು ಇಟ್ಟುಕೊಳ್ಳೋಣ. ಮೋಟಾರಿನ ೨ ಅಂಗುಲದ ಮೆಟ್ಟಿಲಿನಿಂದ ಕದಿರಿನ ೪ ಅಂಗುಲದ ಮೆಟ್ಟಿಲಿಗೆ ಬೆಲ್ಟು ಹಾಕಿದರೆ ಕದಿರು ೭೨೦ ಸುತ್ತು ತಿರುಗುವುದು. ೩ರಿಂದ ೩ಕ್ಕೆ ಹಾಕಿದರೆ ೧೪೪೦. ೪ರಿಂದ ೨ಕ್ಕೆ ಹಾಕಿದರೆ ೨೮೮೦. ಹೊಸಬರು ನೆನಪಿಡಬೇಕಾದುದು ಇಷ್ಟೆ: ಕದಿರಿನ ಕಡೆಯಲ್ಲಿ ದೊಡ್ಡ ಪುಲ್ಲಿ ಇದ್ದರೆ ನಿಧಾನ, ಸಣ್ಣದಿದ್ದರೆ ರಭಸ. ಬೆಲ್ಟು ಎರಡು ಪುಲ್ಲಿಗಳಲ್ಲಿಯೂ ನೇರಕ್ಕೆ ನೇರವಾದ ಮೆಟ್ಟಿಲಿನಲ್ಲಿ ಕೂತಿರಬೇಕು. ಬೆರಳಿನಿಂದ ಒತ್ತಿದರೆ ಸ್ವಲ್ಪವೇ ಬಾಗಬೇಕು. ಗುಂಡಿಯನ್ನು ತಿರುವಿ ವೇಗವನ್ನು ಬದಲಿಸುವ ಯಂತ್ರವಾದರೆ, ಪ್ರತಿಸಲವೂ ಚಾಲೂ ಮಾಡುವ ಮೊದಲು ಆ ಗುಂಡಿಯು ಅತ್ಯಂತ ಕೆಳಗಿನ ಗುರುತಿನಲ್ಲಿದೆಯೇ ಎಂದು ನೋಡಬೇಕು. ನಿನ್ನೆ ಬುಗುರಿ ಕಡೆದ ವೇಗದಲ್ಲಿ ಇಂದು ತಟ್ಟೆಯನ್ನು ತಿರುಗಿಸಿದರೆ ಅನರ್ಥವು ಕಟ್ಟಿಟ್ಟದ್ದು.

ಸುತ್ತು ಒಂದೇ ಆದರೂ ಅಂಚಿನ ಓಟವು ಒಂದೇ ಅಲ್ಲವೆಂಬುದನ್ನು ವಾಚಕರು ಮನಗಾಣಬೇಕು. ೨ ಅಂಗುಲ ಚೌಕದ ಮರದ ಮೂಲೆಯಿಂದ ಮೂಲೆಗೆ ಸುಮಾರು ೨.೮ ಅಂಗುಲ. ಮಿನಿಟಿಗೆ ೭೨೦ ಸುತ್ತಿನಲ್ಲಿ ಆ ಮೂಲೆಯು ಗಂಟೆಗೆ ಹತ್ತಿರ ಹತ್ತಿರ ೧೦ ಕಿಲೋಮೀಟರಿನಂತೆ ಓಡುವುದು. ೨೮೮೦ ಸುತ್ತಿನಲ್ಲಿ ೩೯ ಕಿಲೋಮೀಟರಿನಂತೆ. ಆದರೆ ೧೦ ಅಂಗುಲ ಅಡ್ಡಳತೆಯ ತಟ್ಟೆಯನ್ನು ೨೮೮೦ ಸುತ್ತಿನಲ್ಲಿ ತಿರುಗಿಸಿದರೆ ಅದರ ಅಂಚಿನ ವೇಗವು ಗಂಟೆಗೆ ಸುಮಾರು ೧೩೮ ಕಿಲೋಮೀಟರು! ರೈಲುಬಂಡಿಯ ವೇಗದಲ್ಲಿ ಹಾರುವ ಮರದ ತುಂಡಿನ ಎದುರಿಗೆ ಮುಖವೊಡ್ಡಿ ನಿಲ್ಲುವವರುಂಟೆ? ಅದಲ್ಲದೆ ವೇಗವು ಇಮ್ಮಡಿಯಾದರೆ ಮರವನ್ನು ಸಿಡಿಸಲೆಳಸುವ ಬಲವು ನಾಲ್ಕು ಮಡಿಯಾಗುವುದು. ಕಸುಬಿನವರಲ್ಲಿ ಒಂದು ಲೆಕ್ಕ ರೂಢಿಯಲ್ಲಿರುವುದು: ಅಡ್ಡಳತೆಯ ಅಂಗುಲಗಳಿಂದ ಮಿನಿಟಿನ ಸುತ್ತುಗಳನ್ನು ಗುಣಿಸಿದರೆ ೬೦೦೦ದಿಂದ ೯೦೦೦ದೊಳಗೆ ಬರಬೇಕು. ೧೦ ಅಂಗುಲದ ತಟ್ಟೆಗೆ ಇದು ೬೦೦ರಿಂದ ೯೦೦ ಸುತ್ತಾಗುವುದು. ಇದು ಗುಂಡಗಾಗಿ ಸಮತೂಕವಾದ ಮರಕ್ಕೆ ಹೇಳಿದ ಮಾತು. ಒರಟಾದ ಮರವನ್ನು ಯಾವಾಗಲೂ ಅತ್ಯಂತ ಕಡಿಮೆ ವೇಗದಲ್ಲಿಯೇ ಪ್ರಾರಂಭಿಸಬೇಕು. ನಮ್ಮ ಲಟ್ಟಣಿಗೆಯ ಮರವನ್ನು ೭೨೦ ಸುತ್ತಿನಲ್ಲಿ ಗುಂಡಗೆ ಮಾಡಿ, ಬಳಿಕ ೧೪೪೦ಕ್ಕೆ ಏರಿಸಿದರೆ ಸಾಕು. ಲೆಕ್ಕವು ಇನ್ನೂ ಹೆಚ್ಚಿಗೆ ಎಡೆಗೊಟ್ಟರೂ ಹೊಸಬರು ಆಶೆಪಡಬಾರದು.

ಮರವನ್ನು ಸಿಕ್ಕಿಸುವುದು.—ಬಿರುಕು ಬಿಟ್ಟ ಮರ, ದೊಡ್ಡ ಗಂಟುಗಳುಳ್ಳ ಮರ, ಹಳೆಯ ಬಾಗಿಲಿನಿಂದ ತೆಗೆದು ಮೊಳೆ ಉಳಿದಿರುವ ಮರ—ಇವು ಮೂರೂ ನಿಷಿದ್ಧ. ಚನ್ನಪಟ್ಟಣದ ಬೊಂಬೆಗಾರರು ಬಳಸುವ ಹಾಲೆಯ ಮರವು ಮೃದುವಾಗಿಯೂ ಎಳೆ ಸಮನಾಗಿಯೂ ಇರುವುದರಿಂದ ಅಭ್ಯಾಸಕ್ಕೆ ಬಹಳ ಅನುಕೂಲ. ಎರಡು ತುದಿಗಳಲ್ಲಿಯೂ ಮೂಲೆಯಿಂದ ಮೂಲೆಗೆ ಗೆರೆಯೆಳೆದರೆ ಗೆರೆಗಳು ಕೂಡುವ ಕಡೆಯೇ ನಡು. ನಾಲ್ಕು ಮೂಲೆಗಳನ್ನೂ ಕೀಸುಳಿಯಿಂದ ಹೆರೆದು ಎಂಟು ಮುಖ ಮಾಡಿಕೊಂಡರೆ ಮೊದಲಿನ ಬಡಿತವು ಎಷ್ಟೋ ಕಡಿಮೆಯಾಗುವುದು. ಹಲ್ಲಿನ ಮೊಳೆಯನ್ನು ಕದಿರಿನಿಂದ ಬಿಡಿಸಿ, ಮರದ ಒಂದು ತುದಿಯ ನಡುವಿನಲ್ಲಿಟ್ಟು, ಕೊಡತಿಯಿಂದ ಹೊಡೆದು ಕಚ್ಚಿಸಬೇಕು. ಮೊಳೆಯು ಯಂತ್ರದಲ್ಲಿರುವಾಗಲೇ ಮರವನ್ನು ಹೊಡೆದು ಕಚ್ಚಿಸುವುದು ಕದಿರಿನ ಬೇರಿಂಗುಗಳಿಗೆ ಕೇಡು. ಆಮೇಲೆ ಮೊಳೆಯ ಬಾಲವನ್ನೂ ಕದಿರಿನ ತೂತನ್ನೂ ಒರಸಿ ಸೇರಿಸಿ, ಬಲಗಡೆಯ ಗೂಡನ್ನು ತಂದು ಹಾಸಿಗೆ ಬಿಗಿದು, ಅದರ ಚಕ್ರವನ್ನು ತಿರುವಿ ಮೊನೆಯನ್ನು ಮರದೊಳಕ್ಕೆ ಒತ್ತಿ, ಮೊನೆಯ ಬಿಗಿತವನ್ನೂ ಭದ್ರಪಡಿಸಬೇಕು. ಕೆಲಸ ನಡೆದಂತೆ ಮರವು ಮೊನೆಗಳ ಒತ್ತಡಕ್ಕೆ ಕುಗ್ಗುವುದು. ಆದುದರಿಂದ ಕೆಲವು ಮಿನಿಟುಗಳಾದ ಮೇಲೆ ಯಂತ್ರವನ್ನು ನಿಲ್ಲಿಸಿ ಮತ್ತೊಮ್ಮೆ ಬಿಗಿಯತಕ್ಕದ್ದು.

ಆನಿಕೆಯನ್ನು ಇಡುವುದು.—ಆನಿಕೆಗೂ ಮರಕ್ಕೂ ನಡುವೆ ಕಾಲು ಅಂಗುಲಕ್ಕಿಂತ ಹೆಚ್ಚು ಎಡೆ ಇರಬಾರದು. ಎಡೆ ಹೆಚ್ಚಿದರೆ ಉಳಿಯ ಬಾಯಿ ಆಸರೆಯಿಂದ ದೂರವಾಗಿ, ಮರವು ಅದನ್ನು ಕೆಳಕ್ಕೆ ಸೆಳೆದು ಕಚ್ಚಿಸುವುದು. ಇಲ್ಲಿ ಹೊಸಬರು ಮೋಸಹೋಗುವ ಒಂದು ಸ್ಥಳವುಂಟು. ಚೌಕ ಮರದ ನಡುವಿನಿಂದ ಅದರ ಮುಖಕ್ಕೆ ೧ ಅಂಗುಲವಾದರೆ ಮೂಲೆಗೆ ೧.೪ ಅಂಗುಲ. ಮುಖವು ಎದುರಿಗಿರುವಾಗ ಕಾಲು ಅಂಗುಲ ಬಿಟ್ಟು ಆನಿಕೆಯನ್ನು ಬಿಗಿದರೆ, ತಿರುಗಿ ಬಂದ ಮೂಲೆಯು ನೇರವಾಗಿ ಅದಕ್ಕೆ ಬಡಿಯುವುದು. ಆದುದರಿಂದ ಮೂಲೆಯನ್ನೇ ಎದುರಿಗೆ ತಂದುಕೊಂಡು ಅಳತೆ ಇಡಬೇಕು. ಎತ್ತರವು ಉಳಿಯ ಬಾಯಿ ಮರದ ನಡುಮಟ್ಟದಲ್ಲಾಗಲಿ ತುಸು ಮೇಲಾಗಲಿ ಕತ್ತರಿಸುವಂತಿರಬೇಕು. ಬಳಿಕ ಮರವನ್ನು ಕೈಯಿಂದಲೇ ಒಂದು ಪೂರ್ಣ ಸುತ್ತು ತಿರುಗಿಸಿ, ಎಲ್ಲಿಯೂ ತಾಗದೆಂದು ಖಾತ್ರಿ ಮಾಡಿಕೊಳ್ಳತಕ್ಕದ್ದು. ಈ ಒಂದು ಸುತ್ತಿಗೆ ಎರಡು ಸೆಕೆಂಡೂ ಹಿಡಿಯದು. ಬಿಲ್ಲಿನವನ ಕೈಗಿದ್ದ ಅರಿವನ್ನು ನಮಗೆ ಮರಳಿ ಕೊಡುವುದು ಇದೇ. ಮರವು ಸಣ್ಣದಾಗುತ್ತ ಬಂದಂತೆ ಆನಿಕೆಯನ್ನು ಹತ್ತಿರಕ್ಕೆ ತರಬೇಕು. ಆದರೆ ಯಂತ್ರವು ತಿರುಗುತ್ತಿರುವಾಗ ಅದನ್ನು ಎಂದಿಗೂ ಮುಟ್ಟಕೂಡದು.

ಉಡುಪು.—ನಮ್ಮ ದೇಶದ ಸುಖವಾದ ಸಡಿಲುಡುಪು ಈ ಯಂತ್ರಕ್ಕೆ ಹಗೆ. ಇಳಿಬಿಟ್ಟ ಸೆರಗು, ಹೆಗಲ ವಸ್ತ್ರ, ಜೋಲುವ ತೋಳು, ಬಿಚ್ಚಿದ ಜಡೆ, ಕೊರಳ ಸರ, ಬಳೆ, ಉಂಗುರ—ಇವುಗಳಲ್ಲಿ ಯಾವುದೊಂದು ಸಿಕ್ಕಿದರೂ ಅದರ ಹಿಂದೆ ಮನುಷ್ಯನೂ ಹೋಗುವನು. ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ಜಡೆಯನ್ನು ತುರುಬು ಕಟ್ಟಿ, ತೋಳನ್ನು ಮೊಣಕೈಯ ಮೇಲಕ್ಕೆ ಮಡಿಸಿ, ಒಡವೆಗಳನ್ನು ತೆಗೆದಿಟ್ಟೇ ಯಂತ್ರದ ಬಳಿಗೆ ಬರಬೇಕು. ಕೈಗೆ ಕವಚವಿದ್ದರೆ ಕ್ಷೇಮವೆಂದು ಹಲವರು ಎಣಿಸುವರು. ಇದು ವಿಪರೀತ ಭ್ರಾಂತಿ. ಬಟ್ಟೆಯ ಕೈಗವಚವು ಸಿಕ್ಕಿಕೊಂಡರೆ ಬೆರಳನ್ನೂ ಕೂಡಿಯೇ ಎಳೆಯುವುದು. ಬರಿಗೈಯೇ ಇಲ್ಲಿ ಸುರಕ್ಷಿತ. ಕಣ್ಣಿಗೆ ಮಾತ್ರ ಸಾಧಾರಣ ಕನ್ನಡಕ ಸಾಲದು. ಮುಖವೆಲ್ಲವನ್ನೂ ಮುಚ್ಚುವ ಪಾರದರ್ಶಕವಾದ ಕವಚವನ್ನು ಧರಿಸಬೇಕು. ಮರದ ನಯವಾದ ಧೂಳು ಶ್ವಾಸಕೋಶಕ್ಕೆ ಕೆಡುಕಾದುದರಿಂದ ಮೂಗುಬಾಯಿಗಳಿಗೆ ಧೂಳು ತಡೆಯುವ ಮುಸುಕೂ ಅವಶ್ಯ.

ಚಾಲೂ ಮಾಡುವುದು.—ಬಿಗಿಯಲು ಬಳಸಿದ ಕೀಲಿ ಮೊದಲಾದ ಉಪಕರಣಗಳೆಲ್ಲ ಯಂತ್ರದಿಂದ ದೂರಕ್ಕೆ ಹೋದುವೇ ಎಂದು ನೋಡಿ, ಮರದ ಎದುರಿನಿಂದ ಒಂದು ಪಕ್ಕಕ್ಕೆ ಸರಿದು ನಿಂತು, ಗುಂಡಿಯನ್ನು ಒತ್ತಬೇಕು. ಸಿಡಿಯುವ ಮರವು ಸಾಮಾನ್ಯವಾಗಿ ಮೊದಲ ಕೆಲವು ಕ್ಷಣಗಳಲ್ಲಿಯೇ ಸಿಡಿಯುವುದು. ನಡುಕವಾಗಲಿ ಹೊಸ ಶಬ್ದವಾಗಲಿ ಕೇಳಿಬಂದರೆ ಕಾರಣವನ್ನು ಊಹಿಸುತ್ತ ನಿಲ್ಲದೆ ಕೂಡಲೆ ನಿಲ್ಲಿಸಬೇಕು. ಎಲ್ಲವೂ ಸರಿಯಿದ್ದರೆ ಉಳಿಯನ್ನು ಮೊದಲು ಆನಿಕೆಯ ಮೇಲೆ ಊರಿ, ಅದರ ಇಳಿಜಾರಾದ ಬೆನ್ನನ್ನು ಮರಕ್ಕೆ ಸೋಕಿಸಿ, ಹಿಡಿಯನ್ನು ಮೆಲ್ಲನೆ ಎತ್ತುತ್ತ ಬಾಯಿಯನ್ನು ತಾಗಿಸಬೇಕು. ಆನಿಕೆಗೆ ಮೊದಲು, ಮರಕ್ಕೆ ಆಮೇಲೆ—ಈ ಕ್ರಮವು ತಪ್ಪಿದರೆ ಉಳಿಯು ಕೈಯಿಂದ ಕಿತ್ತು ಹೋಗುವುದು. ಹಳೆಯ ಅರಗಳನ್ನು ಮಸೆದು ಉಳಿಯಾಗಿ ಬಳಸುವುದು ಅಪಾಯ. ಅರದ ಉಕ್ಕು ಗಡಸಾದರೂ ಬಿರುಸು, ಪೆಟ್ಟಿಗೆ ಚಟ್ಟನೆ ಮುರಿಯುವುದು.

ನುಣುಪು ಮಾಡುವುದು.—ಮರಳುಕಾಗದ ಹಿಡಿಯುವ ಮೊದಲು ಆನಿಕೆಯನ್ನು ಪೂರ್ತಿಯಾಗಿ ತೆಗೆದುಬಿಡಬೇಕು. ಇಲ್ಲವಾದರೆ ಬೆರಳು ಮರಕ್ಕೂ ಕಬ್ಬಿಣಕ್ಕೂ ನಡುವೆ ಸಿಕ್ಕುವುದು. ಬೊಂಬೆಗಾರರು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತುವರು. ಉಜ್ಜಾಟದ ಕಾವಿನಿಂದಲೇ ಅರಗು ಕರಗಿ ಅಂಟುವುದು. ಬಳಿಕ ಕೇದಗೆಯ ಎಲೆಯಿಂದ ಒತ್ತಿ ಹೊಳಪು ಕೊಡುವರು. ಎಲೆಯು ಸಿಕ್ಕಿಕೊಂಡರೆ ಹರಿಯುವುದು, ಕೈಯನ್ನು ಎಳೆಯದು. ನಾವೂ ಎಣ್ಣೆ ಮೆರಗುಗಳನ್ನು ಹಚ್ಚುವಾಗ ಬಟ್ಟೆಯ ಚಿಂದಿಯನ್ನು ಬಿಟ್ಟು, ಸುಲಭವಾಗಿ ಹರಿಯುವ ಮೆದುಕಾಗದವನ್ನು ಬಳಸತಕ್ಕದ್ದು. ಲಟ್ಟಣಿಗೆಗಾದರೋ ಯಾವ ಮೆರಗೂ ಬೇಡ. ಹಿಟ್ಟಿಗೆ ತಾಗುವ ಮರವು ಬರಿದಾಗಿರುವುದೇ ಲೇಸು. ಯಂತ್ರವನ್ನು ನಿಲ್ಲಿಸಿದ ಬಳಿಕ ಮರವು ತಾನಾಗಿಯೇ ನಿಲ್ಲುವವರೆಗೂ ಕಾಯಬೇಕು. ಕೈಯಿಂದ ಹಿಡಿದು ನಿಲ್ಲಿಸಕೂಡದು.

ಇಷ್ಟೊಂದು ಎಚ್ಚರಿಕೆಗಳನ್ನು ಓದಿ ಕೆಲವರು ಹಿಂಜರಿಯಬಹುದು. ಒಲೆಯ ಬೆಂಕಿಯೂ ಈಳಿಗೆಮಣೆಯ ಅಲಗೂ ನಮ್ಮ ಮನೆಗಳಲ್ಲಿ ದಿನವೂ ಇರುವುವು; ರೂಢಿಯ ಬಲದಿಂದ ಅವುಗಳೊಡನೆ ಕ್ಷೇಮವಾಗಿ ಬಾಳುತ್ತಿರುವೆವು. ಕಡಸಲು ಯಂತ್ರಕ್ಕೂ ಅಂತಹದೇ ರೂಢಿ ಬೇಕು. ನೆಲೆ, ಬೆಳಕು, ಮೊನೆಗಳ ಹೊಂದಿಕೆ ಮೊದಲಾದುವನ್ನು ಒಮ್ಮೆ ಸರಿಪಡಿಸಿದರೆ ಬಹುಕಾಲ ಬಾಳುವುವು. ಪ್ರತಿದಿನವೂ ನೋಡಬೇಕಾದುವು ಐದು: ವೇಗ, ಬಿಗಿತ, ಆನಿಕೆಯ ಎಡೆ, ಉಡುಪು, ಕೈಯಿಂದ ಒಂದು ಸುತ್ತು. ಇವಕ್ಕೆ ಹಿಡಿಯುವುದು ಐದು ಮಿನಿಟು. ಆ ಐದು ಮಿನಿಟು ಇಲ್ಲದ ದಿನ ಯಂತ್ರಕ್ಕೆ ಮುಸುಕು ಹಾಕಿರಲಿ. ಮಕ್ಕಳು ಕುತೂಹಲದಿಂದ ಬಂದು ನಿಲ್ಲುವುದು ಸ್ವಾಭಾವಿಕ. ಅವರನ್ನು ಗದರಿಸಿ ಓಡಿಸುವುದಕ್ಕಿಂತ ದೂರದಲ್ಲಿ ನಿಲ್ಲಿಸಿ ಈ ಐದನ್ನೂ ಬಾಯಲ್ಲಿ ಎಣಿಸುವಂತೆ ಮಾಡುವುದು ಮೇಲು. ಹಿರಿಯರು ಒಂದನ್ನು ಮರೆತರೆ ಅವರೇ ನೆನಪಿಸುವರು. ಕೆಲಸ ಮುಗಿದ ಮೇಲೆ ಮಾತ್ರ ಪ್ಲಗ್ಗನ್ನು ಕಿತ್ತು, ಅವರ ಕೈಗೆ ಎಟಕದಂತೆ ಬೀಗ ಹಾಕಿಡತಕ್ಕದ್ದು.

ಮೊಂಡಾದ ಉಳಿಯು ಹರಿತವಾದ ಉಳಿಗಿಂತ ಹೆಚ್ಚು ಅಪಾಯಕರ. ಉಳಿಗಳ ಬಗೆಯನ್ನೂ ಅವುಗಳನ್ನು ಮಸೆಯುವ ಕ್ರಮವನ್ನೂ ಮುಂದಿನ ಸಂಚಿಕೆಯಲ್ಲಿ ವಿವರಿಸುವೆವು. ಅಷ್ಟರೊಳಗೆ ವಾಚಕರು ಯಂತ್ರವನ್ನು ಹೂಡಿ, ಮೊನೆಗೆ ಮೊನೆ ಹೊಂದಿಸಿ ಸಿದ್ಧರಾಗಿರಲಿ.